ಬೆಳಗುವ ಸರಂಧ್ರ ದ್ರವ್ಯಗಳು

(ಮಹೋತ್ಸವದ ಜ್ಞಾನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ದೀಪವನ್ನು ‘ಆರಿಸು’ ಎಂಬ ಮಾತನ್ನು ಬಾಯಲ್ಲಿ ತರಲೊಲ್ಲದ ಮನೆಗಳು ಕನ್ನಡ ನಾಡಿನಲ್ಲಿ ಇಂದಿಗೂ ಉಂಟು. ‘ದೀಪವನ್ನು ದೊಡ್ಡದು ಮಾಡು’ ಎಂದೇ ಅಲ್ಲಿಯ ಹಿರಿಯರು ಹೇಳುವರು. ಅಂತಹ ಮನೆಗಳಲ್ಲಿ ಬೆಳೆದವರಿಗೆ, ದೀಪವು ಯಾವಾಗ ನಂದೀತೆಂದು ಕಾದು ಕುಳಿತು, ಅದು ನಂದಿದ ಕ್ಷಣದಲ್ಲಿ ‘ತಿಳಿಯಬೇಕಾದುದು ತಿಳಿಯಿತು’ ಎಂದು ಹರ್ಷಪಡುವ ಒಂದು ಶಾಸ್ತ್ರವಿದೆಯೆಂದರೆ ವಿಚಿತ್ರವೆನಿಸದೆ ಇರದು. ಆ ಶಾಸ್ತ್ರದ ವಿಷಯವನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಹೀಗೆ: ಇಂಗಾಲ, ಜಲಜನಕ, ಸಾರಜನಕ ಮೊದಲಾದ ಹಗುರವಾದ ಮೂಲದ್ರವ್ಯಗಳಿಂದ, ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಕೊಠಡಿಗಳಿರುವ, ಬೆಳಕನ್ನು ಬೀರಬಲ್ಲ ಘನದ್ರವ್ಯಗಳನ್ನು ಕಟ್ಟಿ, ಆ ಕೊಠಡಿಗಳೊಳಕ್ಕೆ ಯಾವ ವಿಷವು ಅಥವಾ ಯಾವ ಸ್ಫೋಟಕವು ಬಂದಿತೆಂಬುದನ್ನು ಬೆಳಕಿನ ಏರಿಳಿತದಿಂದ ಅರಿಯುವುದು.

ಇದು ಕೇವಲ ಪಂಡಿತರ ವಿನೋದವಲ್ಲ. ಯುದ್ಧವು ಮುಗಿದು, ಸೈನ್ಯಗಳು ಹಿಂದಿರುಗಿ, ಒಪ್ಪಂದದ ಪತ್ರಗಳಿಗೆ ಅಂಕಿತಗಳು ಬಿದ್ದು ಎಷ್ಟೋ ವರ್ಷಗಳಾದ ಮೇಲೆಯೂ ಕಾಂಬೋಡಿಯಾ, ಅಂಗೋಲಾ, ಅಫ್ಘಾನಿಸ್ಥಾನ ಮುಂತಾದ ದೇಶಗಳ ಹೊಲಗಳಲ್ಲಿ ನೆಲಬಾಂಬುಗಳು ಹುಗಿದಂತೆಯೇ ಇರುವುವು. ಅವುಗಳನ್ನು ಹುಗಿದ ಸಿಪಾಯಿಗೆ ಅವು ಎಲ್ಲಿರುವುವೆಂಬುದು ಮರೆತುಹೋಗಿರುತ್ತದೆ. ಉಳುವವನಿಗೆ, ಸೌದೆ ಆರಿಸುವವಳಿಗೆ, ದನ ಕಾಯುವ ಹುಡುಗನಿಗೆ ಅದು ತಿಳಿದೇ ಇರುವುದಿಲ್ಲ. ನೆಲಬಾಂಬುಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವು ೧೯೯೭ರಲ್ಲಿ ಆಯಿತು. ಆದರೆ ಅದಾಗಲೇ ಹುಗಿದವುಗಳು ಒಪ್ಪಂದವನ್ನು ಓದುವುದಿಲ್ಲವಷ್ಟೆ. ಲೋಹವನ್ನು ಹುಡುಕುವ ಯಂತ್ರವು ಪ್ರತಿಯೊಂದು ಮೊಳೆಗೂ, ಪ್ರತಿಯೊಂದು ಹಳೆಯ ತೋಟಾಕ್ಕೂ ಕೂಗುತ್ತದೆ; ಪ್ರತಿಯೊಂದು ಕೂಗಿಗೂ ಮನುಷ್ಯನು ಮೊಣಕಾಲೂರಿ, ಅದು ಬಾಂಬೇ ಎಂದು ಭಾವಿಸಿ, ಮಣ್ಣನ್ನು ಬೆರಳುಬೆರಳಷ್ಟಾಗಿ ಬಿಡಿಸಬೇಕು. ಆದುದರಿಂದಲೇ ನಾಯಿಗಳನ್ನು, ಟಾಂಜಾನಿಯಾ ದೇಶದಲ್ಲಿ ದೊಡ್ಡ ಜಾತಿಯ ಹೆಗ್ಗಣಗಳನ್ನು ಸಹ, ವಾಸನೆ ಹಿಡಿಯಲು ಪಳಗಿಸಿರುವರು. ಈ ಪ್ರಾಣಿಗಳ ಮೂಗು ಹಿಡಿಯುವುದು ಲೋಹವನ್ನಲ್ಲ, ಒಳಗಿನ ಸ್ಫೋಟಕದ ಆವಿಯನ್ನು. ಟಿ.ಎನ್.ಟಿ. ಎಂಬ ಸ್ಫೋಟಕದ ಮುದ್ದೆಯನ್ನು ಮುಚ್ಚಿದ ಪಾತ್ರೆಯಲ್ಲಿಟ್ಟರೂ ಅದರೊಳಗಿನ ಗಾಳಿಯ ನೂರು ಕೋಟಿ ಅಣುಗಳಲ್ಲಿ ಟಿ.ಎನ್.ಟಿ.ಯ ಅಣುಗಳು ಕೆಲವು ಮಾತ್ರ ಇರುವುವು. ಮಣ್ಣಿನಲ್ಲಿ ಹುಗಿದ ಬಾಂಬಿನ ಮೇಲಿನ ಗಾಳಿಯಲ್ಲಿ ಇನ್ನೂ ಎಷ್ಟೋ ಕಡಮೆ. ನಾಯಿಗೆ ದಣಿವಾಗುತ್ತದೆ, ಬೇಸರವಾಗುತ್ತದೆ. ಅದಕ್ಕೆ ಅನ್ನವನ್ನೂ ಅಕ್ಕರೆಯನ್ನೂ ಕೊಡುವ ಒಬ್ಬ ಒಡೆಯನು ಸದಾ ಜೊತೆಗಿರಬೇಕು. ನಾಯಿಯ ಮೂಗಿನಷ್ಟೇ ಚುರುಕಾದ ಒಂದು ವಸ್ತುವನ್ನು ಮನುಷ್ಯನು ಮಾಡಬಲ್ಲನೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರವು ಬಂದ ದಾರಿಯು ಬಹು ಹಿಂದಿನಿಂದ ಆರಂಭವಾಗುತ್ತದೆ. ಮಲೇರಿಯಾ ಜ್ವರದ ಔಷಧವಾದ ಕ್ವಿನೈನನ್ನು ಅರಿಯದ ಹಿರಿಯರು ಇಲ್ಲ. ಅದರ ಕಹಿಯೊಂದೇ ಹಲವರ ನೆನಪಿನಲ್ಲಿರುವುದು. ಕೇಂಬ್ರಿಜಿನ ಜಾರ್ಜ್ ಸ್ಟೋಕ್ಸ್ ಎಂಬ ಗಣಿತಜ್ಞರು ೧೮೫೨ರಲ್ಲಿ ಅದರ ಇನ್ನೊಂದು ಗುಣವನ್ನು ವಿವರಿಸಿದರು. ಸೂರ್ಯನ ಬೆಳಕನ್ನು ಪಟ್ಟಕದಿಂದ ಏಳು ಬಣ್ಣಗಳಾಗಿ ಹರಡಿ, ಕ್ವಿನೈನಿನ ದ್ರಾವಣ ತುಂಬಿದ ನಳಿಗೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಸರಿಸುತ್ತ ಹೋದರೆ, ನೇರಳೆಯನ್ನೂ ದಾಟಿ ಕಣ್ಣಿಗೆ ಏನೂ ಕಾಣದ ಕತ್ತಲೆಯ ಭಾಗದಲ್ಲಿ ಆ ನಳಿಗೆಯು ನೀಲಿಯಾಗಿ ಬೆಳಗಿತು. ಕಾಣದ ಕಿರಣವನ್ನು ನುಂಗಿ ಕಾಣುವ ಕಿರಣವನ್ನು ಹೊರಸೂಸುವ ಈ ಗುಣಕ್ಕೆ ಅವರು ಫ್ಲೋರ್‌ಸ್ಪಾರ್ ಎಂಬ ಖನಿಜದ ಹೆಸರಿನಿಂದ ಫ್ಲೂರೆಸೆನ್ಸ್ ಎಂದು ಹೆಸರಿಟ್ಟರು; ಕನ್ನಡದಲ್ಲಿ ಅದನ್ನು ಪ್ರತಿದೀಪ್ತಿ ಎನ್ನುವರು. ಅಂಗಡಿಗಳಲ್ಲಿ ನೋಟು ಖೋಟಾ ಹೌದೋ ಅಲ್ಲವೋ ಎಂದು ನೋಡಲು ಇಟ್ಟಿರುವ ನೇರಳೆ ದೀಪದ ಕೆಳಗೆ ನೋಟಿನ ಅಂಕಿಗಳು ಹೊಳೆಯುವುದು ಇದೇ ಗುಣದಿಂದ.

ಅಣುವು ಕಿರಣವನ್ನು ನುಂಗಿದೊಡನೆ ಅದರ ಒಂದು ಎಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಏರುತ್ತದೆ. ಅಲ್ಲಿ ಅದು ನಿಲ್ಲುವುದು ಒಂದು ಸೆಕೆಂಡಿನ ಕೆಲವು ಕೋಟಿಯಲ್ಲೊಂದು ಪಾಲು ಮಾತ್ರ. ಆಮೇಲೆ ಕೆಳಗಿಳಿಯುವಾಗ ಬೆಳಕನ್ನು ಬಿಡುತ್ತದೆ. ಆ ಅತ್ಯಲ್ಪ ಕಾಲದೊಳಗಾಗಿ ಬೇರೊಂದು ಅಣುವು ಬಂದು ತಾಕಿ ಆ ಶಕ್ತಿಯನ್ನು ಕಸಿದುಕೊಂಡರೆ ಬೆಳಕು ಬರುವುದಿಲ್ಲ. ದೀಪವು ನಂದಿತೆಂದೇ ಲೆಕ್ಕ. ಟಾನಿಕ್ ವಾಟರ್ ಎಂದು ಅಂಗಡಿಯಲ್ಲಿ ಮಾರುವ ಕಹಿ ಪಾನೀಯದಲ್ಲಿ ಕ್ವಿನೈನು ಇರುತ್ತದೆ. ಅದನ್ನು ಗಾಜಿನ ಲೋಟದಲ್ಲಿಟ್ಟು ನೇರಳೆ ದೀಪವನ್ನು ಹಿಡಿದರೆ ನೀಲಿಯಾಗಿ ಬೆಳಗುವುದು. ಒಂದೆರಡು ಚಮಚ ಅಡಿಗೆಯ ಉಪ್ಪನ್ನು ಕದಡಿದರೆ ಆ ನೀಲಿಯು ಮಂಕಾಗುವುದು. ಉಪ್ಪಿನಲ್ಲಿರುವ ಕ್ಲೋರೈಡೇ ಇಲ್ಲಿಯ ಕಳ್ಳನು. ಎಷ್ಟು ಕಳ್ಳರಿಗೆ ಎಷ್ಟು ಮಂಕು ಎಂಬ ಲೆಕ್ಕವನ್ನು ಸ್ಟರ್ನ್ ಮತ್ತು ವೋಲ್ಮರ್ ಎಂಬಿಬ್ಬರು ೧೯೧೯ರಲ್ಲಿ ಒಂದು ಸರಳವಾದ ಸಮೀಕರಣದಿಂದ ತೋರಿಸಿಕೊಟ್ಟರು. ಬೆಳಕಿನ ಇಳಿತವನ್ನು ಅಳೆದರೆ ಕಳ್ಳನ ಪ್ರಮಾಣವು ತಿಳಿಯುವುದು. ಮುಂದಿನದೆಲ್ಲ ಈ ಲೋಟದ ಪ್ರಯೋಗದ ವಿಸ್ತಾರವೇ.

ಆದರೆ ಹೊಲದಲ್ಲಿ ಲೋಟಗಳನ್ನು ಹಿಡಿದು ಅಲೆಯಲಾಗದು. ಗಾಳಿಯನ್ನು ಎದುರಿಸಿ ನಿಲ್ಲುವ ಒಂದು ಘನವಸ್ತು, ಒಂದು ಪುಡಿ ಅಥವಾ ಗಾಜಿನ ಮೇಲೆ ಬಳಿದ ಒಂದು ತೆಳುವಾದ ಪೊರೆ ಬೇಕು. ಇಲ್ಲಿಯೇ ಮೊದಲನೆಯ ತೊಡಕು. ದ್ರಾವಣದಲ್ಲಿ ದೂರದೂರವಾಗಿ ತೇಲುವಾಗ ಉಜ್ವಲವಾಗಿ ಬೆಳಗುವ ಅಣುಗಳಲ್ಲಿ ಬಹಳ ಮಟ್ಟಿಗೆ ಎಲ್ಲವೂ, ಒಂದರ ಮೈಗೊಂದು ಒತ್ತಿಕೊಂಡು ಘನವಾದೊಡನೆ ಕಳೆಗುಂದುವುವು. ಪೈರೀನ್ ಎಂಬ ದ್ರವ್ಯದ ದ್ರಾವಣವನ್ನು ಗಟ್ಟಿ ಮಾಡುತ್ತ ಹೋದಂತೆ ಅದರ ಸಹಜವಾದ ನೇರಳೆ ಬೆಳಕು ಕುಂದುವುದೆಂದು ಜರ್ಮನಿಯ ಥಿಯೋಡೋರ್ ಫರ್ಸ್ಟರ್ ಮತ್ತು ಅವರ ಸಹೋದ್ಯೋಗಿಯು ೧೯೫೪ರಲ್ಲಿ ವರದಿ ಮಾಡಿದರು. ಚಪ್ಪಟೆಯಾದ ಆ ಅಣುಗಳು ಹಪ್ಪಳಗಳಂತೆ ಒಂದರ ಮೇಲೊಂದು ಕುಳಿತು, ತಮ್ಮತಮ್ಮೊಳಗೇ ಶಕ್ತಿಯನ್ನು ಹಂಚಿಕೊಂಡು ವ್ಯರ್ಥಮಾಡುವುವು. ಬಿಡಿಯಾಗಿದ್ದರೆ ಬೆಳಕುಂಟು, ಉಪಯೋಗವಿಲ್ಲ; ಒಟ್ಟಾದರೆ ಉಪಯೋಗವಾದೀತು, ಬೆಳಕಿಲ್ಲ. ಅಲ್ಲದೆ ಒತ್ತಾಗಿ ಕುಳಿತ ಅಣುಗಳ ನಡುವೆ ಹೊರಗಿನ ಅತಿಥಿಗೆ ಪ್ರವೇಶವೂ ಇರದು. ಈ ಎರಡು ತೊಡಕುಗಳಿಗೂ ಪರಿಹಾರವು ಒಂದೇ ಎಂಬುದು ಕಂಡುಬಂದ ಬಗೆಯೇ ಈ ಕಥೆಯ ತಿರುಳು. ಆ ಪರಿಹಾರವೆಂದರೆ ಯಾವ ದ್ರವ್ಯವೂ ಅಲ್ಲ. ದ್ರವ್ಯಗಳ ನಡುವೆ ಬುದ್ಧಿಪೂರ್ವಕವಾಗಿ ಬಿಟ್ಟ ತೆರವು.

ಅಮೇರಿಕಾದ ತಿಮೊಥಿ ಸ್ವೇಗರ್ ಎಂಬ ರಸಾಯನಶಾಸ್ತ್ರಜ್ಞರು ೧೯೯೫ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ತಮ್ಮ ಶಿಷ್ಯರೊಡನೆ ಮಾಡಿದ ಪ್ರಯೋಗವೊಂದರಿಂದ ಈ ಮಾತನ್ನು ಆರಂಭಿಸಬೇಕು. ಅವರು ಬೆಳಗುವ ಅಣುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಉದ್ದನೆಯ ಸರವನ್ನಾಗಿ ಮಾಡಿದರು. ಆ ಸರದಲ್ಲಿ ಒಂದೆಡೆ ಹೀರಿದ ಶಕ್ತಿಯು ಅಲ್ಲಿಯೇ ನಿಲ್ಲದೆ ಮಣಿಯಿಂದ ಮಣಿಗೆ ಓಡಾಡುತ್ತದೆ. ಓಡಾಡುವಾಗ ಕಳ್ಳನು ಎಲ್ಲಿ ಒಬ್ಬನೇ ಕುಳಿತಿದ್ದರೂ ಅವನ ಕೈಗೆ ಸಿಕ್ಕಿಬೀಳುತ್ತದೆ. ಉತ್ಸವಗಳಲ್ಲಿ ಹಂದರಕ್ಕೆ ಸುತ್ತುವ ವಿದ್ಯುದ್ದೀಪಗಳ ಸರದಲ್ಲಿ ಒಂದು ಬುರುಡೆ ಸುಟ್ಟರೆ ಸಾಲೆಲ್ಲವೂ ಕತ್ತಲಾಗುವುದನ್ನು ಎಲ್ಲರೂ ಕಂಡಿರುವರು. ಹಂದರದಲ್ಲಿ ಅದು ಪೀಡೆ. ಇಲ್ಲಿ ಅದೇ ಲಾಭ. ಬಿಡಿಯಾದ ಅಣುಗಳಿಗಿಂತ ಆ ಸರವು ಅರುವತ್ತು ಮಡಿಗೂ ಮಿಕ್ಕು ಚುರುಕಾಗಿದ್ದಿತು.

ಸರಗಳನ್ನು ಪೊರೆಯಾಗಿ ಬಳಿದಾಗ ಹಿಂದೆ ಹೇಳಿದ ತೊಡಕು ಮತ್ತೆ ಎದುರಾಯಿತು. ಆ ಮೇಲೆ ಅವರು ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯಕ್ಕೆ ಬಂದು, ಜೇ-ಷೇನ್ ಯಾಂಗ್ ಎಂಬವರೊಡನೆ ೧೯೯೮ರಲ್ಲಿ ಪ್ರಕಟಿಸಿದ ಉಪಾಯವು ಸರಳವೂ ಸುಂದರವೂ ಆಗಿದೆ. ಇಪ್ಟಿಸೀನ್ ಎಂಬ ಜಾತಿಯ ಅಣುಗಳಿವೆ. ಒಂದೇ ಬೆನ್ನಿಗೆ ಅಂಟಿದ ಮೂರು ಗಟ್ಟಿ ಹಾಳೆಗಳು ಮೂರು ದಿಕ್ಕಿಗೆ ಚಾಚಿ ನಿಂತಂತೆ ಅವುಗಳ ಆಕಾರ. ಅವುಗಳನ್ನು ಯಾವ ಪೆಟ್ಟಿಗೆಯಲ್ಲಿ ಹೇಗೆ ತುಂಬಿದರೂ ಒತ್ತಾಗಿ ಕೂರುವುದಿಲ್ಲ. ನಡುವೆ ಸಂದು ಉಳಿದೇ ಉಳಿಯುವುದು. ಇಂತಹವುಗಳನ್ನು ಸರದ ಮಣಿಗಳಿಗೆ ಸೇರಿಸಲಾಗಿ, ಸರಗಳು ಒಂದನ್ನೊಂದು ತಾಗದೆ ದೂರ ನಿಂತವು, ಬೆಳಕು ಉಳಿಯಿತು, ಸಂದುಗಳಲ್ಲಿ ಟಿ.ಎನ್.ಟಿ.ಯ ಅಣುವು ನುಸುಳಿ ಕೂರುವಷ್ಟು ಜಾಗವೂ ದೊರೆಯಿತು. ಟಿ.ಎನ್.ಟಿ.ಯು ಮೂರು ನೈಟ್ರೋ ಗುಂಪುಗಳನ್ನು ಹೊತ್ತು ಎಲೆಕ್ಟ್ರಾನಿಗಾಗಿ ಹಸಿದಿರುವ ಅಣು. ಮೇಲಿನ ಮೆಟ್ಟಿಲಿಗೇರಿದ ಎಲೆಕ್ಟ್ರಾನನ್ನು ಅದು ಕೂಡಲೇ ಸೆಳೆದುಕೊಳ್ಳುವುದು. ಅತ್ಯಂತ ತೆಳುವಾದ ಪೊರೆಯನ್ನು ಆವಿಗೆ ಒಡ್ಡಿದಾಗ ಒಂದು ನಿಮಿಷದೊಳಗೆ ಬೆಳಕು ಅರ್ಧಕ್ಕಿಂತಲೂ ಕೆಳಗಿಳಿಯಿತು. ಪೊರೆಯು ದಪ್ಪವಾದಷ್ಟೂ ಉತ್ತರವು ನಿಧಾನವಾಗುವುದೆಂಬುದನ್ನೂ ಅವರು ಗಮನಿಸಿದರು. ಈ ಕೊನೆಯ ಮಾತನ್ನು ಮುಂದೆ ನೆನಪಿಡಬೇಕು.

ಅಮೇರಿಕಾದ ರಕ್ಷಣಾ ಇಲಾಖೆಯವರು ಇದಕ್ಕೆ ಧನಸಹಾಯ ಮಾಡಿದ ಯೋಜನೆಗೆ ‘ನಾಯಿಯ ಮೂಗು’ ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಓಕ್ಲಹೋಮಾದ ನೊಮ್ಯಾಡಿಕ್ಸ್ ಎಂಬ ಸಂಸ್ಥೆಯು ಈ ಪೊರೆಯನ್ನು ಒಳಗಿಟ್ಟು, ಕೈಯಲ್ಲಿ ಹಿಡಿಯಬಹುದಾದ ಉಪಕರಣವನ್ನು ಮಾಡಿ ಅದಕ್ಕೆ ‘ಫಿಡೊ’ ಎಂದು ಹೆಸರಿಟ್ಟಿತು. ಇಂಗ್ಲಿಷರ ಮನೆಗಳಲ್ಲಿ ಅದು ಸಾಕುನಾಯಿಯ ಹೆಸರು. ಇರಾಕಿನಲ್ಲಿ ಸೈನಿಕರು ಅದನ್ನು ಬಳಸಿದರು.

ಆದರೆ ಇಪ್ಟಿಸೀನು ಬಿಡಿಸಿಕೊಟ್ಟ ಸಂದುಗಳು ಕ್ರಮವಿಲ್ಲದವು. ಕಲ್ಲುಗಳನ್ನು ರಾಶಿ ಹಾಕಿದಾಗ ಉಳಿಯುವ ಪೊಟರೆಗಳಂತೆ ಒಂದು ದೊಡ್ಡದು, ಒಂದು ಸಣ್ಣದು. ರಾಶಿಯ ಬದಲು, ಅಳತೆ ಹಿಡಿದು ಒಂದೇ ಸಮನಾದ ಕೊಠಡಿಗಳುಳ್ಳ ಮಂಟಪವನ್ನು ಕಟ್ಟಲಾಗದೇ ಎಂಬುದು ಮುಂದಿನ ಆಸೆ. ಇಂಗಾಲದ ಬಂಧಗಳಿಂದ ಅದಾಗದೆಂದು ಬಹುಕಾಲ ನಂಬಿಕೆಯಿದ್ದಿತು. ಅದಕ್ಕೆ ಕಾರಣವುಂಟು. ಗಟ್ಟಿಯಾದ ಬಂಧಗಳು ಒಮ್ಮೆ ಬಿದ್ದರೆ ಬಿದ್ದವು, ಸೊಟ್ಟಗಾದರೂ ಬಿಚ್ಚುವುದಿಲ್ಲ, ಆದುದರಿಂದ ಕಟ್ಟಡವು ಸೊಟ್ಟಗೆ ಬೆಳೆದು ಗೊಂದಲದ ಗಂಟಾಗುತ್ತದೆ. ೨೦೦೫ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಒಮರ್ ಯಾಘಿಯವರ ತಂಡವು ಬಿಚ್ಚಿ ಮತ್ತೆ ಕೂಡಬಲ್ಲ ಬಂಧವನ್ನು ಆರಿಸಿಕೊಂಡಿತು. ಬೋರಾನಿನ ಆಮ್ಲಗಳು ನೀರನ್ನು ಕಳೆದುಕೊಂಡು ಕೂಡುವುವು. ಅಲ್ಪ ನೀರಿದ್ದರೆ ಮತ್ತೆ ಬಿಡುವುವು. ಕುಶಲನಾದ ಕಲ್ಲುಕುಟಿಗನು ತೂಗುಗುಂಡಿಗೆ ಸರಿಬಾರದ ಕಲ್ಲನ್ನು ತೆಗೆದು ಮತ್ತೊಮ್ಮೆ ಕೂರಿಸುವಂತೆ, ಅಣುಗಳು ತಾವೇ ತಮ್ಮ ತಪ್ಪನ್ನು ತಿದ್ದಿಕೊಳ್ಳುತ್ತ ಕ್ರಮಬದ್ಧವಾದ ಜಾಲರಿಯಾಗಿ ಬೆಳೆದವು. ಹೀಗೆ ಹುಟ್ಟಿದುದು ಸಹವೇಲೆನ್ಸೀಯ ಸಾವಯವ ಚೌಕಟ್ಟು. ಆಂಗ್ಲ ಅಕ್ಷರಗಳಿಂದ ಅದನ್ನು ಸಿ.ಒ.ಎಫ್. ಎಂದು ಕರೆಯುವರು. ಇದರ ಸೋದರವಾದ, ಲೋಹದ ಕಂಬಗಳುಳ್ಳ ಚೌಕಟ್ಟುಗಳಿಗಾಗಿ ಕಿಟಗಾವಾ, ರಾಬ್ಸನ್ ಎಂಬವರೊಡನೆ ಯಾಘಿಯವರಿಗೆ ೨೦೨೫ರ ನೊಬೆಲ್ ಬಹುಮಾನವು ದೊರೆತುದನ್ನು ಪತ್ರಿಕೆಗಳಲ್ಲಿ ಓದಿರಬಹುದು.

ಆ ಮೊದಲಿನ ಚೌಕಟ್ಟುಗಳಲ್ಲಿ ಒಂದರ ಒಂದು ಗ್ರಾಂ ಪುಡಿಯೊಳಗಿನ ಗೋಡೆಗಳ ವಿಸ್ತೀರ್ಣವು ೧೫೯೦ ಚದರ ಮೀಟರು ಎಂದು ಅಳೆದರು. ರೈತರ ಲೆಕ್ಕದಲ್ಲಿ ಹೇಳಬೇಕಾದರೆ ಸುಮಾರು ಹದಿನೈದೂವರೆ ಗುಂಟೆ. ಹಳೆಯ ತೂಕದ ಒಂದು ತೊಲ ಪುಡಿಯನ್ನು ಅಂಗೈಯಲ್ಲಿ ಹಿಡಿದರೆ ನಾಲ್ಕೂವರೆ ಎಕರೆ ನೆಲವನ್ನು ಹಿಡಿದಂತೆ. ಅದರ ಒಂದೊಂದು ಕೊಠಡಿಯ ಅಗಲವು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ೨.೭ ಪಾಲು. ಇಷ್ಟು ಅಗಲದಲ್ಲಿ ಟಿ.ಎನ್.ಟಿ.ಯಂತಹ ಅಣುವು ನಿರಾತಂಕವಾಗಿ ನಡೆದು ಹೋಗಬಹುದು.

ಚೌಕಟ್ಟು ಸಿದ್ಧವಾದ ಮೇಲೆ ಅದಕ್ಕೆ ದೀಪವನ್ನು ಹಚ್ಚುವ ಕೆಲಸ. ಜಪಾನಿನ ಓಕಜಾಕಿಯಲ್ಲಿದ್ದ ಡೊಂಗ್‌ಲಿನ್ ಜಿಯಾಂಗ್ ಅವರ ತಂಡವು ೨೦೦೮ರಲ್ಲಿ, ಹಿಂದೆ ಹೇಳಿದ ಆ ಪೈರೀನನ್ನೇ ಗೋಡೆಯ ಕಲ್ಲನ್ನಾಗಿ ಮಾಡಿ, ನೀಲಿಯಾಗಿ ಬೆಳಗುವ ಚೌಕಟ್ಟನ್ನು ಕಟ್ಟಿತು. ೨೦೧೩ರಲ್ಲಿ ಅದೇ ತಂಡವು ಪೈರೀನನ್ನು ಸಾರಜನಕದ ಜೋಡಿಕೊಂಡಿಗಳಿಂದ ಕೂಡಿಸಿ ಮತ್ತೊಂದನ್ನು ರಚಿಸಿತು. ಇದರಲ್ಲಿ ಬೆಳಗುವ ಕಲ್ಲು ಬೇರೆ, ಅತಿಥಿಯ ಕೈಹಿಡಿಯುವ ಕೊಂಡಿ ಬೇರೆ. ಪಿಕ್ರಿಕ್ ಆಮ್ಲ ಎಂಬ ಸ್ಫೋಟಕವು ಕೊಠಡಿಯೊಳಗೆ ಬಂದಾಗ ಅದರ ಜಲಜನಕವು ಆ ಸಾರಜನಕಕ್ಕೆ ಅಂಟಿಕೊಳ್ಳುವುದು. ಅದರ ಜಾತಿಯ ಇತರ ಹಲವು ನೈಟ್ರೋ ದ್ರವ್ಯಗಳಿಗೆ ಹಾಗೆ ಚಾಚಲು ಕೈಯಿಲ್ಲ. ಆದುದರಿಂದ ಪಿಕ್ರಿಕ್ ಆಮ್ಲಕ್ಕೆ ಆ ಪುಡಿಯು ಬಹುವಾಗಿ ಮಂಕಾಗಿ, ಉಳಿದವುಗಳಿಗೆ ಅಷ್ಟಾಗಿ ಮಂಕಾಗಲಿಲ್ಲವೆಂದು ವರದಿಯಾಯಿತು.

ಪಿಕ್ರಿಕ್ ಆಮ್ಲದ ಪರಿಚಯವನ್ನು ಎರಡು ಮಾತಿನಲ್ಲಿ ಮಾಡಿಕೊಡುವುದು ಅಗತ್ಯ. ಗ್ರೀಕರ ಭಾಷೆಯಲ್ಲಿ ಅದರ ಹೆಸರಿಗೆ ಕಹಿ ಎಂದರ್ಥ. ೧೭೭೧ರಲ್ಲಿ ಪೀಟರ್ ವುಲ್ಫ್ ಎಂಬವರು ನೀಲಿಬಣ್ಣದ ಮೇಲೆ ನೈಟ್ರಿಕ್ ಆಮ್ಲವನ್ನು ಪ್ರಯೋಗಿಸಿದಾಗ ಈ ಹಳದಿ ದ್ರವ್ಯವು ದೊರೆಯಿತು. ಬಹುಕಾಲ ರೇಷ್ಮೆಗೆ ಹಳದಿ ಹಾಕುವ ಬಣ್ಣವಾಗಿ ಸಾಧುವಿನಂತೆ ಬಾಳಿದ ಈ ದ್ರವ್ಯವು ಮೊದಲನೆಯ ಮಹಾಯುದ್ಧದ ಹೊತ್ತಿಗೆ ಫಿರಂಗಿಯ ಗುಂಡುಗಳೊಳಗೆ ಸೇರಿದ್ದಿತು. ೧೯೧೭ರ ಡಿಸೆಂಬರ್ ೬ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ, ಪಿಕ್ರಿಕ್ ಆಮ್ಲವನ್ನೂ ಟಿ.ಎನ್.ಟಿ.ಯನ್ನೂ ತುಂಬಿಕೊಂಡಿದ್ದ ‘ಮೋಂ ಬ್ಲಾಂ’ ಎಂಬ ಹಡಗಿಗೆ ಬೆಂಕಿ ಬಿದ್ದು ಸಿಡಿದಾಗ ಸುಮಾರು ೧,೮೦೦ ಮಂದಿ ಮಡಿದರು. ಉರಿಯುವ ಹಡಗನ್ನು ನೋಡಲೆಂದು ಕಿಟಕಿಗಳ ಗಾಜಿನ ಬಳಿ ನಿಂತಿದ್ದ ಎಷ್ಟೋ ಜನರ ಕಣ್ಣುಗಳು ಹೋದವು. ಈ ದ್ರವ್ಯವು ನೀರಿನಲ್ಲಿ ಕರಗುವುದರಿಂದ ಕಾರ್ಖಾನೆಗಳ ಸುತ್ತಲಿನ ನೆಲದ ನೀರಿಗೂ ಇಳಿಯಬಲ್ಲುದು.

ಇಷ್ಟಾದರೂ, ಹಾಳೆಹಾಳೆಯಾಗಿ ಒಂದರ ಮೇಲೊಂದು ಒರಗುವ ಈ ಚೌಕಟ್ಟುಗಳಲ್ಲಿ ಬೆಳಕು ಸಹಜವಾಗಿಯೇ ಕ್ಷೀಣವಾಗಿದ್ದಿತು. ಹಪ್ಪಳಗಳ ತೊಡಕು ಇಲ್ಲಿಯೂ ಬಿಟ್ಟಿರಲಿಲ್ಲ. ಅದಕ್ಕೆ ಮದ್ದು ಬೇರೊಂದು ಕಡೆಯಿಂದ ಬಂದಿತು. ೨೦೦೧ರಲ್ಲಿ ಹಾಂಗ್‌ಕಾಂಗಿನ ಬೆನ್ ಝೋಂಗ್ ಟಾಂಗ್ ಅವರ ಪ್ರಯೋಗಶಾಲೆಯಲ್ಲಿ, ದ್ರಾವಣವಾಗಿದ್ದಾಗ ಕಪ್ಪಾಗಿದ್ದು ಒಣಗಿದೊಡನೆ ಹೊಳೆಯುವ ಒಂದು ದ್ರವ್ಯವು ಕಂಡುಬಂದಿತು. ಅರ್ಧ ಶತಮಾನದಿಂದ ಪಾಠ ಹೇಳುತ್ತ ಬಂದುದಕ್ಕೆ ಇದು ನೇರವಾಗಿ ವಿರುದ್ಧ; ಬೇರೆಯವರಾಗಿದ್ದರೆ ಪಾತ್ರೆ ಕೊಳೆಯಾಗಿದೆಯೆಂದು ತೊಳೆದುಬಿಡುತ್ತಿದ್ದರೇನೋ. ಅವರು ಅದರ ಕಾರಣವನ್ನು ಹುಡುಕಿದರು. ಇಂತಹ ಅಣುಗಳಿಗೆ ಬೀಸಣಿಗೆಯ ಎಸಳುಗಳಂತೆ ತಿರುಗುವ ಉಂಗುರಗಳಿವೆ. ದ್ರಾವಣದಲ್ಲಿ ಎಸಳುಗಳು ಸ್ವೇಚ್ಛೆಯಾಗಿ ತಿರುಗುತ್ತ, ನುಂಗಿದ ಶಕ್ತಿಯನ್ನೆಲ್ಲ ಆ ಚಲನೆಯಲ್ಲಿಯೇ ಕಳೆಯುವುವು. ಘನದಲ್ಲಿ ಅಕ್ಕಪಕ್ಕದವರ ಒತ್ತಡಕ್ಕೆ ಎಸಳುಗಳು ನಿಲ್ಲುವುವು, ಶಕ್ತಿಯು ಬೆಳಕಾಗಿ ಹೊರಬೀಳುವುದು. ಎಸಳುಗಳು ಓರೆಯಾಗಿರುವುದರಿಂದ ಹಪ್ಪಳದಂತೆ ಒತ್ತಾಗಿ ಕೂರುವುದೂ ಇಲ್ಲ.

ಹಾಗಾದರೆ ನಾಲ್ಕು ಎಸಳುಗಳ ಇಂತಹ ಅಣುವನ್ನು ನಾಲ್ಕು ಮೂಲೆಗಳಲ್ಲಿಯೂ ಚೌಕಟ್ಟಿಗೆ ಬಿಗಿದರೆ? ೨೦೧೬ರಲ್ಲಿ ಜಿಯಾಂಗ್ ಅವರ ತಂಡವು ಮಾಡಿದುದು ಇದನ್ನೇ. ನುಂಗಿದ ಪ್ರತಿ ನೂರು ಕಿರಣಕಣಗಳಿಗೆ ಮೂವತ್ತೆರಡನ್ನು ಆ ಪುಡಿಯು ಬೆಳಕಾಗಿ ಹಿಂದಿರುಗಿಸಿತು. ಚೌಕಟ್ಟುಗಳ ಮಟ್ಟಿಗೆ ಅದು ದೊಡ್ಡ ಪ್ರಮಾಣ. ಅದರ ಬೋರಾನಿನ ಕೊಂಡಿಗಳಿಗೆ ಅಮೋನಿಯಾ ಅನಿಲವೆಂದರೆ ಪ್ರೀತಿ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗೂ ಕಡಮೆ ಅಮೋನಿಯಾ ಇದ್ದರೂ ಪುಡಿಯು ಮಂಕಾಗಿ ಅದನ್ನು ಸಾರಿತು. ಇಲ್ಲಿ ವಿನ್ಯಾಸಕಾರನ ಕೈಚಳಕವು ಸ್ಪಷ್ಟವಾಗಿ ಕಾಣುತ್ತದೆ: ದೀಪ, ಕೊಠಡಿ, ಕೊಂಡಿ, ಈ ಮೂರನ್ನೂ ಬೇರೆಬೇರೆಯಾಗಿ ಯೋಚಿಸಿ ಒಂದೇ ಮೈಯಲ್ಲಿ ಕೂಡಿಸಿರುವುದು.

ಕೊಂಡಿಯನ್ನು ಬದಲಾಯಿಸಿದರೆ ಅತಿಥಿಯೂ ಬದಲಾಗುವನು. ಪಾದರಸಕ್ಕೂ ಗಂಧಕಕ್ಕೂ ಇರುವ ಸ್ನೇಹವು ಆಯುರ್ವೇದದ ರಸವೈದ್ಯರಿಗೆ ಹಳೆಯ ಸಂಗತಿ. ಕಲ್ವದಲ್ಲಿ ಇವೆರಡನ್ನೂ ಅರೆದು ಕಪ್ಪಾದ ಕಜ್ಜಲಿಯನ್ನು ಮಾಡುವುದು ಅವರ ಪರಿಪಾಟಿ. ಚೀನಾದ ಲಾನ್‌ಝೋ ವಿಶ್ವವಿದ್ಯಾಲಯದ ತಂಡವೊಂದು ೨೦೧೬ರಲ್ಲಿ ಇದೇ ಸ್ನೇಹವನ್ನು ಹಿಡಿದು, ಕೊಠಡಿಗಳ ಗೋಡೆಗೆ ಗಂಧಕದ ತೋಳುಗಳನ್ನು ಮೂಡಿಸಿ, ನೀರಿನಲ್ಲಿ ಕರಗಿದ ಪಾದರಸದ ಲವಣವನ್ನು ಪತ್ತೆಮಾಡುವ ಚೌಕಟ್ಟನ್ನು ಕಟ್ಟಿತು. ಗಂಧಕದ ತೋಳು ಪಾದರಸವನ್ನು ಹಿಡಿದೊಡನೆ ಬೆಳಕು ಕುಂದುವುದು. ಹಿಡಿದುದನ್ನು ಬಿಡದಿರುವುದರಿಂದ ಅದೇ ಪುಡಿಯು ನೀರಿನಿಂದ ವಿಷವನ್ನು ತೆಗೆದೂ ಹಾಕುವುದು. ಪತ್ತೆಯೂ ಶುದ್ಧಿಯೂ ಒಂದರಲ್ಲಿಯೇ ಆದುದು ಇಲ್ಲಿಯ ವಿಶೇಷ. ಜಪಾನಿನ ಮಿನಮಾಟಾ ಊರಿನಲ್ಲಿ ಕಾರ್ಖಾನೆಯೊಂದರಿಂದ ಕೊಲ್ಲಿಗೆ ಹರಿದ ಪಾದರಸವು ಮೀನಿನ ಮೂಲಕ ಮನುಷ್ಯರನ್ನು ಸೇರಿ, ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತು, ಮಕ್ಕಳ ಕೈಕಾಲು ಸೊಟ್ಟಗಾಗಿ, ೧೯೫೬ರಲ್ಲಿ ಆ ರೋಗವು ಅಧಿಕೃತವಾಗಿ ಬೆಳಕಿಗೆ ಬಂದಿತು. ಅಲ್ಲಿ ವಿಷವಾದುದು ಪಾದರಸದ ಮೀಥೈಲ್ ರೂಪ. ಲವಣವನ್ನು ಹಿಡಿಯುವ ಪುಡಿಯು ಆ ರೂಪವನ್ನೂ ಹಾಗೆಯೇ ಹಿಡಿದೀತೆಂದು ಯಾರೂ ಅವಸರದಿಂದ ತಿಳಿಯಬಾರದು.

ಈ ಅವಸರದ ವಿಷಯವಾಗಿಯೇ ಕೆಲವು ಮಾತುಗಳನ್ನು ನಿಷ್ಠುರವಾಗಿ ಹೇಳಬೇಕಾಗಿದೆ. ದೀಪವು ನಂದಿತೆಂಬುದು ಒಂದು ಸಂಗತಿ. ಏತಕ್ಕೆ ನಂದಿತೆಂಬುದು ಬೇರೆಯ ಸಂಗತಿ. ಗಾಳಿ ಬೀಸಿದರೂ ದೀಪ ನಂದುವುದು, ಎಣ್ಣೆ ತೀರಿದರೂ ನಂದುವುದು. ಪಿಕ್ರಿಕ್ ಆಮ್ಲವನ್ನು ಪತ್ತೆಮಾಡುವ ಪುಡಿಗಳ ಕುರಿತು ಪ್ರಬಂಧಗಳು ಹೇರಳವಾಗಿ ಪ್ರಕಟವಾಗಿವೆ. ಆದರೆ ಪಿಕ್ರಿಕ್ ಆಮ್ಲವು ಸ್ವಭಾವತಃ ಹಳದಿ. ಎಂದರೆ ನೇರಳೆಯನ್ನೂ ನೀಲಿಯ ಒಂದು ಭಾಗವನ್ನೂ ತಾನೇ ನುಂಗುವ ದ್ರವ್ಯ. ಅದನ್ನು ದ್ರಾವಣಕ್ಕೆ ಸುರಿದಾಗ, ಪುಡಿಯನ್ನು ಬೆಳಗಿಸಲು ಬಿಟ್ಟ ಕಿರಣವು ಪುಡಿಯನ್ನು ಮುಟ್ಟುವ ಮೊದಲೇ ಅರ್ಧ ದಾರಿಯಲ್ಲಿ ಕಳೆದುಹೋಗಬಹುದು. ಪುಡಿಯು ಬೀರಿದ ಬೆಳಕೂ ಹೊರಬರುವಾಗ ಹಳದಿಯ ಪಾಲಾಗಬಹುದು. ದೀಪಕ್ಕೂ ನೋಡುವವನಿಗೂ ನಡುವೆ ಹಳದಿಯ ಪರದೆಯನ್ನು ಇಳಿಬಿಟ್ಟು, ದೀಪವು ನಂದಿತೆಂದು ಸಾರಿದಂತಾಗುವುದು. ಇಂತಹ ಪರದೆಯ ಪರಿಣಾಮಕ್ಕೆ ಕೊಠಡಿಯೂ ಬೇಡ, ಕೊಂಡಿಯೂ ಬೇಡ. ಬೆಳಗುವ ಯಾವ ದ್ರವ್ಯವಾದರೂ ಆದೀತು.

ಪರದೆಯನ್ನು ನಿಜವಾದ ನಂದುವಿಕೆಯಿಂದ ಬೇರ್ಪಡಿಸುವ ಉಪಾಯಗಳಿಲ್ಲವೆಂದಲ್ಲ. ಎಲೆಕ್ಟ್ರಾನು ಮೇಲಿನ ಮೆಟ್ಟಿಲಲ್ಲಿ ನಿಲ್ಲುವ ಆ ಅತ್ಯಲ್ಪ ಕಾಲವನ್ನು ಅಳೆಯುವ ಯಂತ್ರಗಳಿವೆ. ಕಳ್ಳನು ಓಡಿಬಂದು ತಾಕಿ ಕಸಿದಿದ್ದರೆ ಆ ಕಾಲವು ಕುಗ್ಗಬೇಕು. ಪರದೆ ಮಾತ್ರವಾದರೆ ಕಾಲವು ಕುಗ್ಗದು. ಆದರೂ ಕಳ್ಳನು ಮೊದಲೇ ಬ್ಯಾಸಗೆ ಸೊಂಟಕ್ಕೆ ಕಟ್ಟಿಕೊಂಡಂತೆ ಅಣುವಿಗೆ ಅಂಟಿಯೇ ಕುಳಿತಿದ್ದರೆ ಆಗಲೂ ಕಾಲವು ಬದಲಾಗದಿರುವುದರಿಂದ, ನುಂಗಿದ ಬೆಳಕಿನ ಲೆಕ್ಕವನ್ನೂ ಜೊತೆಗೆ ತೆಗೆಯಬೇಕು. ರಂಧ್ರವಿಲ್ಲದ, ಆದರೆ ಅದೇ ದೀಪವುಳ್ಳ ದ್ರವ್ಯವನ್ನು ಪಕ್ಕದಲ್ಲಿಟ್ಟು ಹೋಲಿಸಬೇಕು. ಇಷ್ಟನ್ನು ಮಾಡದ ಪ್ರಬಂಧದಲ್ಲಿ ರಂಧ್ರದ ಮಹಿಮೆಯನ್ನು ಎಷ್ಟು ಹೊಗಳಿದ್ದರೂ ಅದನ್ನು ಸಾಕ್ಷ್ಯವೆಂದು ತೆಗೆದುಕೊಳ್ಳುವುದು ನ್ಯಾಯವಲ್ಲ.

ಹೋಲಿಸಿ ತೋರಿಸಿದವರೂ ಉಂಟು. ಲಿವರ್‌ಪೂಲಿನ ಆಂಡ್ರೂ ಕೂಪರ್ ಅವರ ತಂಡವು ೨೦೦೭ರಲ್ಲಿ ಇನ್ನೊಂದು ಜಾತಿಯ ದ್ರವ್ಯವನ್ನು ಪರಿಚಯಿಸಿತ್ತು. ಅದು ಜಾಲರಿಯಂತೆ ಕ್ರಮಬದ್ಧವಲ್ಲ. ಬಲೆಯಂತೆ ಹೆಣೆದುಕೊಂಡು, ಸೂಕ್ಷ್ಮರಂಧ್ರಗಳನ್ನು ಒಳಗಿಟ್ಟುಕೊಂಡಿರುವ ಪಾಲಿಮರ್. ೨೦೧೨ರಲ್ಲಿ ಜಿಯಾಂಗ್ ಅವರು ಕಾರ್ಬಜೋಲ್ ಎಂಬ ದೀಪವನ್ನು ಅಂತಹ ಬಲೆಯಾಗಿ ಹೆಣೆದು, ಅದೇ ದೀಪದ ರಂಧ್ರವಿಲ್ಲದ ನೇರ ಸರದೊಡನೆ ಪಕ್ಕಪಕ್ಕದಲ್ಲಿ ಪರೀಕ್ಷಿಸಿದರು. ಬಲೆಯು ಹೆಚ್ಚು ಚುರುಕಾಗಿ, ಹೆಚ್ಚು ಶೀಘ್ರವಾಗಿ ಉತ್ತರ ಕೊಟ್ಟಿತು. ಇಲ್ಲಿ ರಂಧ್ರಕ್ಕೆ ಸಲ್ಲುವ ಶ್ರೇಯಸ್ಸು ಸಂದೇಹಕ್ಕೆ ಎಡೆಯಿಲ್ಲದಂತೆ ಸಂದಿದೆ. ಇನ್ನೂ ಒಂದು ವಿಶೇಷವೆಂದರೆ ಆ ಬಲೆಯು ಎರಡು ಬಗೆಯಾಗಿ ನುಡಿಯಿತು: ಎಲೆಕ್ಟ್ರಾನಿಗೆ ಹಸಿದ ಆವಿಗಳು ಬಂದಾಗ ಮಂಕಾಯಿತು, ಎಲೆಕ್ಟ್ರಾನನ್ನು ಕೊಡಬಲ್ಲ ಆವಿಗಳು ಬಂದಾಗ ಮೊದಲಿಗಿಂತ ಹೆಚ್ಚು ಬೆಳಗಿತು. ಕತ್ತಲೆಯಲ್ಲಿ ಹೊಸದಾಗಿ ಹೊತ್ತಿದ ದೀಪವು ಹೇಳುವ ಸಾಕ್ಷ್ಯಕ್ಕೆ, ನೂರು ಕಾರಣಗಳಿಂದ ನಂದಬಹುದಾದ ದೀಪದ ಸಾಕ್ಷ್ಯಕ್ಕಿಂತ ಬೆಲೆ ಹೆಚ್ಚು. ಈ ಹೊತ್ತು ಅನೇಕ ವಿನ್ಯಾಸಕಾರರು ಆ ದಿಕ್ಕಿಗೆ ತಿರುಗಿರುವುದು ಸಮಾಧಾನದ ಸಂಗತಿ.

ನೀರಿನ ತೊಡಕೂ ಸಣ್ಣದಲ್ಲ. ಬೋರಾನಿನ ಕೊಂಡಿಯು ತಪ್ಪನ್ನು ತಿದ್ದಿಕೊಳ್ಳಲು ಯಾವ ಗುಣದಿಂದ ನೆರವಾಯಿತೋ ಅದೇ ಗುಣದಿಂದ ಮಳೆಗಾಲದ ತೇವದಲ್ಲಿ ಕಳಚಿಕೊಳ್ಳುವುದು. ಸಾರಜನಕದ ಕೊಂಡಿಗಳು ಅದಕ್ಕಿಂತ ಗಟ್ಟಿ. ಆದುದರಿಂದಲೇ ಹಲವರು ಆ ಕಡೆಗೆ ಹೋದರು. ಇನ್ನು, ಮೊದಲು ಹೇಳಿ ನೆನಪಿಡಬೇಕೆಂದ ಪೊರೆಯ ಮಾತು. ಸ್ವೇಗರ್ ಅವರ ಪೊರೆಯು ತೆಳುವಾಗಿದ್ದುದರಿಂದಲೇ ಶೀಘ್ರವಾಗಿ ಉತ್ತರಿಸಿತು. ಚೌಕಟ್ಟುಗಳಾದರೋ ಹುಟ್ಟುವಾಗ ಪುಡಿಯಾಗಿಯೇ ಹುಟ್ಟುವುವು. ಯಾವ ದ್ರವದಲ್ಲಿಯೂ ಕರಗುವುದಿಲ್ಲವಾದುದರಿಂದ ಬಣ್ಣದಂತೆ ಬಳಿಯಲು ಬರುವುದಿಲ್ಲ. ಕಾಳಿನ ಹೊರ ಅಂಚಿನ ಕೊಠಡಿಗಳಿಗೆ ಅತಿಥಿಯು ಬೇಗ ಮುಟ್ಟುವನು, ನಡುಮನೆಗೆ ಮುಟ್ಟುವುದರೊಳಗೆ ಹೊತ್ತಾಗುವುದು. ನಾಲ್ಕೂವರೆ ಎಕರೆ ಇದ್ದರೇನು, ದಾರಿ ಇದ್ದಷ್ಟೇ ಬೇಸಾಯ. ಗಾಜಿನ ಮೇಲೆಯೇ ಚೌಕಟ್ಟನ್ನು ಪೊರೆಯಾಗಿ ಬೆಳೆಸುವುದು, ಹಾಳೆಗಳನ್ನು ಒಂದೊಂದಾಗಿ ಸುಲಿದು ತೆಳುವಾಗಿಸುವುದು, ಈ ಎರಡು ದಾರಿಗಳಲ್ಲಿ ಈಗ ಪ್ರಯತ್ನಗಳು ನಡೆದಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ಬೆಳಗುವ ಅಣುಪಂಜರಗಳನ್ನೂ ಸರಂಧ್ರ ಪಾಲಿಮರುಗಳನ್ನೂ ಕುರಿತು ಸಂಶೋಧನೆ ನಡೆದಿದೆ. ಈ ಸಭೆಯಲ್ಲಿರುವ ವಿದ್ಯಾರ್ಥಿಗಳಲ್ಲಿ ರಸಾಯನಶಾಸ್ತ್ರವನ್ನು ಓದುವವರಿಗೆ ದಾರಿ ಅಷ್ಟೇನೂ ದೂರವಲ್ಲ. ಅಲ್ಲಿಗೆ ಹೋದವರು ಮೊದಲು ಕಲಿಯುವುದು ದೀಪ ಹಚ್ಚುವುದನ್ನಲ್ಲ. ಪರದೆಯ ಲೆಕ್ಕವನ್ನು ಕಳೆಯುವುದನ್ನು.

ಹೊಲಗಳಲ್ಲಾದರೋ ಈ ಹೊತ್ತಿಗೂ ನಾಯಿ, ಹೆಗ್ಗಣ, ಲೋಹವನ್ನು ಕಂಡೊಡನೆ ಕೂಗುವ ಯಂತ್ರ, ಮತ್ತು ಮೊಣಕಾಲೂರಿ ಮಣ್ಣನ್ನು ಬೆರಳುಬೆರಳಷ್ಟಾಗಿ ಬಿಡಿಸುವ ಮನುಷ್ಯ, ಇವರೇ ಹೆಚ್ಚಿನ ಕೆಲಸವನ್ನು ಮಾಡುತ್ತಿರುವರು.